ಮುಚ್ಚಳ ಅದೇ ಎಂದವಳು

ಬಜಗೋಳಿಯ ನನ್ನ ತವರುಮನೆಯ ಉಪ್ಪಿನಕಾಯಿ ಭರಣಿಯ ಮುಚ್ಚಳ ಕದ್ದವಳು ನಾನು. ಅದರ ಜಾಗದಲ್ಲಿ ಸರಿಯಾಗಿ ಕೂರದ ಇನ್ನೊಂದು ಮುಚ್ಚಳ ಇಟ್ಟವಳೂ ನಾನು. ಉಪ್ಪಿನಕಾಯಿಗೆ ಹುಳ ಬಿದ್ದು, ಮದುವೆಯಾಗಿ ವರ್ಷ ತುಂಬದ ನನ್ನ ತಮ್ಮನ ಹೆಂಡತಿಯ ಮೇಲೆ ಅಪವಾದ ಬಂದಾಗ, "ಮುಚ್ಚಳ ಅದೇ" ಎಂದು ಎಲ್ಲರೆದುರು ಸಾಕ್ಷಿ ಹೇಳಿದವಳೂ ನಾನೇ. ಹದಿನೈದು ವರ್ಷ ದಾಟಿತು. ಆ ಒಂದು ಮಾತನ್ನು ನಾನು ಹಿಂತೆಗೆದುಕೊಳ್ಳಲಿಲ್ಲ.

ಒಂದು ಮುಚ್ಚಳಕ್ಕೆ ಇಷ್ಟು ದೊಡ್ಡ ಪೀಠಿಕೆಯಾ ಎಂದು ನಿಮಗೆ ಅನಿಸಬಹುದು. ನಗುವುದಾದರೆ ಈಗಲೇ ನಕ್ಕುಬಿಡಿ. ನನಗೆ ಸಿಟ್ಟು ಬೇಗ, ಚಿಕ್ಕಂದಿನಿಂದಲೂ ಹಾಗೇ — ಗಂಡನ ಮೇಲೆ, ಆಟೋದವರ ಮೇಲೆ, ಗ್ಯಾಸಿನವನ ಮೇಲೆ ದಿನಾ ಹಾರಾಡಿದ್ದೇನೆ. ಹಾರಾಡಬೇಕಾದ ಒಬ್ಬಳನ್ನು ಮಾತ್ರ ಬಿಟ್ಟಿದ್ದೆ. ಅವಳು ಮಣಿಪಾಲದ ಈ ಫ್ಲಾಟಿನಲ್ಲಿ ನನ್ನ ಸೀರೆ ಉಟ್ಟುಕೊಂಡು, ನನ್ನ ಕುರ್ಚಿಯಲ್ಲಿ ಕೂತು, ಬಂದವರಿಂದ ಹೊಗಳಿಸಿಕೊಳ್ಳುತ್ತಿದ್ದಳು.

ಹೊಗಳಿಕೆ ಎಲ್ಲ ಭರಣಿಗಳಿಗೆ. ಹಳೆಯ ಪಿಂಗಾಣಿ ಭರಣಿ ಕೂಡಿಸುವುದು ನನ್ನ ಹುಚ್ಚು. ಅರ್ಧ ಕಂದು ಅರ್ಧ ಬಿಳಿಯ ಸಣ್ಣವು, ಮಂಜಿ ಹಡಗಿನಲ್ಲಿ ಸಮುದ್ರ ದಾಟಿ ಬಂದ ದೊಡ್ಡವು, ಹೆಗಲಿಗೆ ನಾಲ್ಕು ಕಿವಿ ಇರುವವು. ಕಾಪುವಿನಲ್ಲಿ ಹೆದ್ದಾರಿ ಅಗಲ ಮಾಡುವಾಗ ಯಾರ ಮನೆ ಕೆಡವುತ್ತಾರೆ ಎಂದು ವಿಚಾರಿಸಿಕೊಂಡು ಹೋಗುತ್ತಿದ್ದೆ, ಹೆಣ ಬಿದ್ದಲ್ಲಿಗೆ ಹದ್ದು ಬಂದ ಹಾಗೆ. ಮನೆಯವರು ಅಟ್ಟದಿಂದ ಸಾಮಾನು ಇಳಿಸುತ್ತಾ ಕಣ್ಣೀರು ಹಾಕುತ್ತಿದ್ದರೆ ನಾನು ಭರಣಿಯ ತಳ ತಟ್ಟಿ ಬಿರುಕು ಉಂಟಾ ಅಂತ ಕೇಳಿಸಿಕೊಳ್ಳುತ್ತಿದ್ದೆ. "ಇನ್ನೊಂದು ಭರಣಿ ಬಂದರೆ ನಾನು ಅದರೊಳಗೇ ಮಲಗಬೇಕಷ್ಟೇ ಮಾರಾಯ್ತಿ" ಎಂದು ನನ್ನ ಗಂಡ ಸುಧಾಕರ ತಮಾಷೆ ಮಾಡುತ್ತಿದ್ದರು.

ಈ ಹುಚ್ಚಿನಲ್ಲಿ ಒಂದು ವಿಷಯ ಉಂಟು, ಹೊರಗಿನವರಿಗೆ ಗೊತ್ತಾಗುವುದಿಲ್ಲ. ಭರಣಿ ಸಿಗುತ್ತದೆ; ಮುಚ್ಚಳ ಸಿಗುವುದಿಲ್ಲ. ಭರಣಿ ಗಟ್ಟಿ, ಮೂಲೆಯಲ್ಲಿ ಕೂತಿರುತ್ತದೆ. ಮುಚ್ಚಳ ದಿನಾ ಕೈಗೆ ಸಿಕ್ಕಿ ಎಂದೋ ಒಡೆದಿರುತ್ತದೆ. ಇನ್ನೊಂದು ತಂದರೆ ಆಗುವುದಿಲ್ಲ, ಒಂದೇ ಆವಿಗೆಯಲ್ಲಿ ಸುಟ್ಟದ್ದಾದರೂ ಒಂದರ ಬಾಯಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಬೇರೆ. ಕೂತ ಹಾಗೆ ಕಾಣುತ್ತದೆ — ಬೆರಳಿನಿಂದ ಅಂಚು ಒತ್ತಿದರೆ ಟಕ್ ಟಕ್ ಅಂತ ಕುಲುಕುತ್ತದೆ. ಈಗ ಹೊಸದಾಗಿ ಹಳೆ ಸಾಮಾನಿನ ಶೋಕಿ ಹತ್ತಿಸಿಕೊಂಡ ಹುಡುಗ ಹುಡುಗಿಯರು ನನ್ನ ಬಳಿ ಸಲಹೆ ಕೇಳಲು ಬರುತ್ತಾರೆ. "ಮೊದಲು ಮುಚ್ಚಳ ಕೂರಿಸಿ ನೋಡಿ, ಮೋಸ ಅಲ್ಲೇ ಇರುವುದು" ಎಂದು ಅವರಿಗೆ ಪಾಠ ಹೇಳಿದ್ದೇನೆ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ!

ಕಲ್ಯಾಣಪುರದ ಲಿಲ್ಲಿ ಬಾಯಿಯ ಮನೆಯಿಂದ ಒಂದು ದೊಡ್ಡ ಭರಣಿ ತಂದದ್ದು ತಮ್ಮನ ಮದುವೆಯ ವರ್ಷ. ಕಾಫಿ ಕಷಾಯದ ಬಣ್ಣ, ಹೆಗಲಿನಿಂದ ಜೇನು ಸುರಿದ ಹಾಗೆ ಇಳಿದ ಹೊಳಪು. ಅವರ ಮನೆಯಲ್ಲಿ ಅದಕ್ಕೆ ಉಪ್ಪು ಮೀನು ಹಾಕಿಡುತ್ತಿದ್ದರಂತೆ. "ಮುಚ್ಚಳ ಇಲ್ಲದ ಭರಣಿ ಎಂತಕ್ಕೆ ನಮಗೆ? ಕೊಂಡುಹೋಗಿ" ಎಂದರು ಆ ತಾಯಿ. ತಂದು ಬಾಗಿಲ ಎದುರಿಗೇ ಇಟ್ಟೆ. ನೋಡಿದಾಗಲೆಲ್ಲ ಅದರ ಬೋಳು ಬಾಯಿ ನನ್ನನ್ನು ಹಂಗಿಸುತ್ತಿತ್ತು. ಕಾರ್ಕಳದ ಗುಜರಿ ಅಂಗಡಿಯಲ್ಲಿ ಅದೇ ಬಣ್ಣದ ಮುಚ್ಚಳ ಒಂದು ಸಿಕ್ಕಿತು, ಕುಲುಕಿತು. ಆಗ ನೆನಪಾದದ್ದು ಅಮ್ಮನ ಭರಣಿ. ಅದೇ ಬಣ್ಣ, ಅದೇ ಜೇನು, ಅದೇ ಅಳತೆ.

ಕೇಳಿದರೆ ಅಮ್ಮ ಕೊಡುತ್ತಿರಲಿಲ್ಲ. ನಾನು ಕೇಳಲೂ ಇಲ್ಲ. ಬೇಸಗೆಯ ರಜೆಗೆ ಹೋದವಳು ಗುಜರಿಯ ಮುಚ್ಚಳವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೇ ಹೋದೆ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಒಂದು ಗಳಿಗೆಯ ಚಾಪಲ್ಯ ಅಲ್ಲ ಅದು — ಬ್ಯಾಗು ತುಂಬಿಸುವಾಗಲೇ ಕದಿಯಲು ತೀರ್ಮಾನಿಸಿದ್ದೆ. ಮನೆಯವರೆಲ್ಲ ಒಂದು ಮದುವೆಗೆ ಹೊರಟರು. ನನಗೆ ತಲೆನೋವು ಎಂದೆ. "ಹಣೆಗೆ ಹಚ್ಚಿ ಕೊಡಲಾ ಅಕ್ಕ?" ಎಂದು ಚಪ್ಪಲಿ ಬಿಚ್ಚಿ ಒಳಗೆ ಬಂದು ಮುಲಾಮು ಹಚ್ಚಿ ಹೋದವಳು ಸುಗಂಧಿ. ಅವಳೇ ನನ್ನ ತಮ್ಮ ದಿನೇಶನ ಹೆಂಡತಿ, ಉಚ್ಚಿಲದ ಹುಡುಗಿ.

ಅಮ್ಮ ಮಾವಿನ ಮಿಡಿ ಹಾಕಿ, ಮುಚ್ಚಳ ಇಟ್ಟು, ಮೇಲೆ ಬಟ್ಟೆ ಹೊದೆಸಿ, ಕುತ್ತಿಗೆಗೆ ಬಿಗಿಯಾಗಿ ಹುರಿ ಕಟ್ಟಿದ್ದರು. ಹುರಿ ಬಿಚ್ಚಿದೆ. ಮುಚ್ಚಳ ಬದಲಿಸಿದೆ. ನನ್ನದು ಕುಲುಕಿತು. ಬಟ್ಟೆಯ ಅಡಿಯಲ್ಲಿ ಯಾರಿಗೆ ಕಾಣುತ್ತದೆ, ಉಪ್ಪಿನಕಾಯಿಗೆ ಯಾವ ಮುಚ್ಚಳ ಆದರೇನು ಅಂದುಕೊಂಡು ಪುನಃ ಹುರಿ ಕಟ್ಟಿದೆ. ಭರಣಿಗಳ ಬಗ್ಗೆ ಇಷ್ಟು ಗೊತ್ತಿದ್ದವಳು ಹಾಗೆ ಅಂದುಕೊಂಡೆ! ಮಳೆಗಾಲದ ತೇವ ಕೂದಲೆಳೆಯ ಸಂದಿನಲ್ಲಿ ನುಗ್ಗುತ್ತದೆ ಎಂದು ಗೊತ್ತಿರಲಿಲ್ಲವಾ ನನಗೆ? ಗೊತ್ತಿತ್ತು. ಹಾಳಾದರೆ ಒಂದು ಭರಣಿ ಉಪ್ಪಿನಕಾಯಿ ತಾನೇ — ಇಷ್ಟೇ ನನ್ನ ಲೆಕ್ಕ. ಮಣಿಪಾಲಕ್ಕೆ ಬಂದು ಲಿಲ್ಲಿ ಬಾಯಿಯ ಭರಣಿಯ ಮೇಲೆ ಅಮ್ಮನ ಮುಚ್ಚಳ ಇಟ್ಟೆ. ಸಾವಿರಕ್ಕೊಂದು ಕೂರುವ ಹಾಗೆ, ಸದ್ದಿಲ್ಲದೆ ಕೂತಿತು. ಆ ದಿನ ನಾನು ಖುಷಿಯಾಗಿದ್ದೆ.

ಜಡಿಮಳೆಯ ಆಟಿ ತಿಂಗಳು ಬಂತು. ನಮ್ಮ ಕಡೆ ಹೊಸ ಮದುಮಗಳು ಮೊದಲ ಆಟಿಗೆ ತವರಿಗೆ ಹೋಗಿ ಕೂರಬೇಕು; ತಿಂಗಳು ಕಳೆದ ಮೇಲೆ ಗಂಡನ ಮನೆಯವರು ಹೋಗಿ ಮರ್ಯಾದೆಯಲ್ಲಿ ಕರೆದುಕೊಂಡು ಬರಬೇಕು. ಸುಗಂಧಿಯನ್ನು ಕರೆದುಕೊಂಡು ಹೋಗಲು ಅವಳ ಅಣ್ಣ ಉಚ್ಚಿಲದಿಂದ ಬಂದಿದ್ದ. ನಾನೂ ಆ ದಿನ ಬಜಗೋಳಿಯಲ್ಲಿದ್ದೆ. ಬೀಗರ ಮನೆಗೆ ಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಬೇಕೆಂದು ಅಮ್ಮ ಸ್ನಾನ ಮಾಡಿ, ಕೈ ಒರೆಸಿಕೊಂಡು, ಭರಣಿಯ ಹುರಿ ಬಿಚ್ಚಿದರು.

ವಾಸನೆ ಜಗಲಿಯವರೆಗೆ ಬಂತು. ಮೇಲೆ ಬೆಳ್ಳಗೆ ಬೂಸಲು. ಸೌಟು ಹಾಕಿದರೆ ಹುಳ.

ಅಮ್ಮನಿಗೆ ಉಪ್ಪಿನಕಾಯಿ ಅಂದರೆ ಮಾನ. ಅವರ ಕೈಯಲ್ಲಿ ಒಂದು ವರ್ಷವೂ ಕೆಟ್ಟದ್ದಿಲ್ಲ. ಮುಟ್ಟಾದ ಹೆಂಗಸು ಮುಟ್ಟಿದರೆ ಭರಣಿ ಕೆಡುತ್ತದೆ ಎಂಬುದು ಅವರಿಗೆ ನಂಬಿಕೆ ಅಲ್ಲ, ನೆಲ ಗಟ್ಟಿ ಇದ್ದಷ್ಟೇ ನಿಜ. ಮನೆಯಲ್ಲಿ ಹೊಸಬಳು ಒಬ್ಬಳೇ. ಅಮ್ಮ ತಿರುಗಿ ನೋಡಿದ್ದು ಅವಳನ್ನೇ.

"ಹೊರಗಾದಾಗ ಇಲ್ಲಿಗೆ ಬಂದಿದ್ದೆಯಾ?"

"ಇಲ್ಲ ಅತ್ತೆ" ಎಂದಳು ಸುಗಂಧಿ. ಹೆದರಿದ್ದಳು. ಆದರೆ ಅವಳಿಗೆ ಕಣ್ಣಿತ್ತು, ಬುದ್ಧಿಯಿತ್ತು. ಪಕ್ಕದಲ್ಲಿ ಇಟ್ಟಿದ್ದ ಮುಚ್ಚಳವನ್ನು ಎತ್ತಿ ಭರಣಿಯ ಬಾಯಿಗೆ ಇಟ್ಟು ಅಂಚನ್ನು ಬೆರಳಿನಿಂದ ಒತ್ತಿದಳು. "ಇದು ಈ ಭರಣಿಯ ಮುಚ್ಚಳ ಅಲ್ಲ ಅತ್ತೆ. ಮಿಡಿ ಹಾಕಿದ ದಿನ ನಾನೇ ತೊಳೆದು ಒರೆಸಿ ಕೊಟ್ಟದ್ದಲ್ವಾ? ಅದು ಹೀಗೆ ಕುಲುಕುತ್ತಿರಲಿಲ್ಲ."

ಅಮ್ಮನ ಕಣ್ಣಿಗೆ ಆಗ ಪೊರೆ ಬಂದಿತ್ತು. ಮುಚ್ಚಳವನ್ನು ನನ್ನ ಕಡೆ ಚಾಚಿದರು. "ವಾಸಂತೀ, ನೀನು ನೋಡಿ ಹೇಳು. ನಿನಗೆ ಗೊತ್ತಾಗುತ್ತದೆ."

ಹೌದು, ನನಗೆ ಗೊತ್ತಾಗುತ್ತದೆ. ಊರಿಗೇ ಪಂಡಿತೆ ಅಲ್ವಾ ನಾನು! ಅದನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದೆ, ಒಳಗಿನ ಅಂಚನ್ನು ಸವರಿದೆ. ಪರೀಕ್ಷೆ ಮಾಡುವ ನಾಟಕ. ಸುಗಂಧಿ ನನ್ನ ಮುಖವನ್ನೇ ನೋಡುತ್ತಿದ್ದಳು — ಭರವಸೆಯಿಂದ. ಅಕ್ಕ ಹೇಳುತ್ತಾರೆ, ಅಕ್ಕನಿಗೆ ಗೊತ್ತಾಗುತ್ತದೆ ಎಂಬ ಭರವಸೆ. ಆ ಮುಖವನ್ನು ನೋಡಿಕೊಂಡೇ ಹೇಳಿದೆ.

"ಮುಚ್ಚಳ ಅದೇ, ಅಮ್ಮ."

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಯಾರೂ ಹೆಚ್ಚು ಕೇಳಿರಲಿಲ್ಲ. ನಾನೇ ಸೇರಿಸಿದೆ: "ಸುಮ್ಮನೆ ಮುಚ್ಚಳದ ಮೇಲೆ ಯಾಕೆ ಹಾಕುತ್ತೀ ಸುಗಂಧಿ? ತಪ್ಪಾದರೆ ತಪ್ಪಾಯಿತು ಅಂತ ಹೇಳು."

ಮಂಗ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮಂಗ ಕೂಡ ಮೇಕೆಗೆ ಬುದ್ಧಿವಾದ ಹೇಳಲಿಲ್ಲ. ನಾನು ಹೇಳಿದೆ. ಥೂ!

ಅವಳ ಅಣ್ಣ ಜಗಲಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಪಕ್ಕದ ಮನೆಯವರೂ ಇದ್ದರು. ಅಮ್ಮ ಬಾಯಿಗೆ ಬಂದದ್ದೆಲ್ಲ ಅಂದರು — ಸುಳ್ಳು ಹೇಳುವವಳು, ಮೈಲಿಗೆ ಮುಚ್ಚಿಡುವವಳು, ಇಂಥವಳಿಂದ ದೈವಕ್ಕೂ ಮೈಲಿಗೆಯಾಗಿರಬೇಕು. ದಿನೇಶ ತಲೆ ತಗ್ಗಿಸಿ ನಿಂತಿದ್ದ. ಬಜಗೋಳಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಗಿರಾಕಿಗಳ ಹತ್ತಿರ ಗಂಟಲು ಹರಿಯುವ ಹಾಗೆ ಮಾತಾಡುವ ಗಂಡಸು. ಹೆಂಡತಿಯ ಪರ ಒಂದು ಶಬ್ದ ಬರಲಿಲ್ಲ. ಅವನ ಮೇಲೂ ನನಗೆ ಸಿಟ್ಟು ಉಂಟು. ಆದರೆ ಅವನಿಗೆ ನಿಜ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅವಳು ಅಳುತ್ತಾ ಅಣ್ಣನ ಹಿಂದೆ ಹೋದಳು. ಆಟಿ ಮುಗಿಯಿತು, ಕರೆಯಲು ಯಾರೂ ಹೋಗಲಿಲ್ಲ. ಅದರ ಮುಂದಿನ ಸೋಣ ತಿಂಗಳೂ ಕಳೆಯುತ್ತಾ ಬಂತು. ಉಚ್ಚಿಲದಲ್ಲಿ ಜನ ಕೇಳಲು ಶುರು ಮಾಡಿದರಂತೆ — ಎಂತ, ಮಗಳನ್ನು ಇನ್ನೂ ಕರೆಯಲಿಲ್ಲವಾ? ಚೌತಿ ಕಳೆದ ಮೇಲೆ ಅವಳ ಅಣ್ಣನೇ ಬಿಟ್ಟು ಹೋದ. ಹೋಗಿ ಕರೆದುಕೊಂಡು ಬರಬೇಕಾದ ಮದುಮಗಳು ಹೀಗೆ ತಾನಾಗಿ ಬಂದಳು. ಆಮೇಲೆ ಆ ಮನೆಯಲ್ಲಿ ಅವಳಿಗೊಂದು ಕಾನೂನು: ಉಗ್ರಾಣಕ್ಕೆ ಕಾಲಿಡಬಾರದು, ತಿಂಗಳ ದಿನವನ್ನು ಅತ್ತೆಗೆ ಬಂದು ಹೇಳಬೇಕು. ಮಗು ಹುಟ್ಟಿದ ಮೇಲೂ ಅದು ಬದಲಾಗಲಿಲ್ಲ. ಅಮ್ಮ ಆ ಭರಣಿಯನ್ನು ತೊಳೆದು ಬೋರಲು ಹಾಕಿದವರು ಮತ್ತೆ ತುಂಬಿಸಲೇ ಇಲ್ಲ, ಅಪಶಕುನ ಅಂತ. ಹಾಗಾಗಿ ಮುಚ್ಚಳದ ಸುದ್ದಿ ಮತ್ತೆ ಬರಲಿಲ್ಲ, ನಾನು ಬಚಾವಾದೆ.

ಮಾತು ಮನೆಯೊಳಗೆ ನಿಲ್ಲುತ್ತದಾ? ನೆಂಟರ ಮದುವೆಯ ಹಿಂದಿನ ದಿನ ಹೆಂಗಸರು ಉಪ್ಪಿನಕಾಯಿಗೆ ಮಾವು ಹೆಚ್ಚಲು ಕೂತರೆ, "ಸುಗಂಧಿ, ನೀನು ತೆಂಗಿನಕಾಯಿ ತುರಿ ಆಯ್ತಾ" ಎಂದು ನಗುತ್ತಾ ಎಬ್ಬಿಸುತ್ತಿದ್ದರು. ಅವಳ ಕೈಗುಣ ಹಾಗೆ ಎಂದು ಅವಳು ಎದ್ದು ಹೋದ ಮೇಲೆ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ನಾನು ಅಲ್ಲೇ ಕೂತು ಮಾವು ಹೆಚ್ಚುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಸ್ವಲ್ಪ ಹೆದರಿಕೆಯಾದರೂ ಇರುತ್ತದೆ. ನನಗೆ ಅದೂ ಇರಲಿಲ್ಲ.

ಇಷ್ಟು ವರ್ಷ ಒಳಗೊಳಗೇ ಬೆಂದೆ, ನಿದ್ದೆ ಬರಲಿಲ್ಲ — ಹಾಗೆಲ್ಲ ಬರೆದರೆ ನೀವು ನಂಬುತ್ತೀರಿ. ಅದು ಸುಳ್ಳು. ಬೆಂದಿಲ್ಲ. ಚೆನ್ನಾಗಿ ನಿದ್ದೆ ಮಾಡಿದೆ. ನಾನು ಮರೆತಿದ್ದೆ. ಕಣ್ಣಿನ ಆಪರೇಷನ್ ಆದ ಮೇಲೆ ಅಮ್ಮ ಒಮ್ಮೆ ನನ್ನ ಮನೆಗೆ ಬಂದು ಆ ಭರಣಿಯ ಎದುರೇ ಕೂತು, "ನಮ್ಮದರ ಹಾಗೇ ಉಂಟಲ್ಲ ಇದು" ಎಂದರು. "ಹೌದಮ್ಮ, ಒಂದೇ ಜಾತಿಯದ್ದು" ಎಂದೆ. ಎದೆ ಒಂದು ಸಲವೂ ಡವಗುಟ್ಟಲಿಲ್ಲ. ಕದ್ದದ್ದಕ್ಕಿಂತ, ಸುಳ್ಳು ಹೇಳಿದ್ದಕ್ಕಿಂತ, ಈ ಮರೆವಿನ ಮೇಲೆ ನನಗೆ ಹೆಚ್ಚು ಸಿಟ್ಟು ಬರುವುದು. ಅವಳು ದಿನಾ ಅನುಭವಿಸಿದ್ದನ್ನು ನಾನು ಮರೆತೇಬಿಟ್ಟಿದ್ದೆ.

ಈ ವರ್ಷ ಉಡುಪಿಯಲ್ಲಿ ಒಂದು ಮದುವೆ. ಸುಗಂಧಿ ಮಗಳು ಧನ್ಯಳನ್ನು ಕರೆದುಕೊಂಡು ನಮ್ಮಲ್ಲಿ ಬಂದು ಉಳಿದಿದ್ದಳು. ಧನ್ಯಳಿಗೆ ಹದಿಮೂರು ವರ್ಷ, ಬಾಯಿ ಜೋರು, ನನಗೆ ಪ್ರೀತಿಯ ಹುಡುಗಿ. ಊಟಕ್ಕೆ ಕೂತಾಗ, "ಧನ್ಯಾ, ಕಪಾಟಿನಿಂದ ಸಣ್ಣ ಭರಣಿ ತಾ ಮಗಾ, ಉಪ್ಪಿನಕಾಯಿ ಹಾಕಿಕೊಳ್ಳುವ" ಎಂದೆ. ಹುಡುಗಿ ಎದ್ದಳು. ಸುಗಂಧಿ ಗಬಕ್ಕನೆ ಅವಳ ಕೈ ಹಿಡಿದು ಕೂರಿಸಿದಳು.

"ಬೇಡ ಅಕ್ಕ, ಇವಳು ನಿನ್ನೆಯಿಂದ ಹೊರಗೆ. ಇವಳಿಗೂ ನನ್ನದೇ ಕೈಗುಣ ಇದ್ದರೆ ಕಷ್ಟ."

"ಎಂತ ಕೈಗುಣ ಮಾರಾಯ್ತಿ? ಈ ಕಾಲದಲ್ಲಿ ಅದೆಲ್ಲ ಉಂಟಾ?" ಎಂದು ನಕ್ಕೆ. ನಕ್ಕೆ ನಾನು!

ಅವಳು ನಗಲಿಲ್ಲ. "ಆ ವರ್ಷ ನಾನು ಮುಟ್ಟಲಿಲ್ಲ ಅಂತಲೇ ಹಟ ಮಾಡಿದ್ದೆ. ಈಗ ಯೋಚಿಸಿದರೆ… ಮುಟ್ಟಿದ್ದೆನೋ ಏನೋ ಅಕ್ಕ. ದಿನ ತಪ್ಪಿ ಲೆಕ್ಕ ಹಾಕಿರಬೇಕು. ಮುಚ್ಚಳ ಬೇರೆ ಅಂತ ನನಗೆ ಯಾಕೆ ಕಂಡಿತೋ. ನೀವೇ ನೋಡಿ ಹೇಳಿದಿರಲ್ಲ, ಅದೇ ಅಂತ."

ಎಲ್ಲ ನೆನಪಾಯಿತು. ಜಗಲಿಯವರೆಗೆ ಬಂದ ವಾಸನೆ, ಅವಳ ಬೆರಳು, ಟಕ್ ಟಕ್. ನಿಜ ಹೇಳಿದ್ದ ಹುಡುಗಿ — ಆ ಮನೆಯಲ್ಲಿ ಒಬ್ಬಳೇ ಒಬ್ಬಳು ಸರಿಯಾಗಿ ನೋಡಿದ್ದಳು — ತನ್ನ ಕಣ್ಣನ್ನು ತಾನೇ ಸುಳ್ಳು ಮಾಡಿಕೊಂಡು, ನನ್ನ ಸುಳ್ಳನ್ನು ನಂಬಿ, ಈಗ ಅದನ್ನು ಮಗಳಿಗೂ ಕಲಿಸುತ್ತಿದ್ದಾಳೆ. ಸಿಟ್ಟು ಬಂದದ್ದು ಯಾರ ಮೇಲೆಂದೂ ತಿಳಿಯದೆ ಅವಳ ಮೇಲೇ ಕೂಗಿದೆ.

"ನೀನು ಮುಟ್ಟಲಿಲ್ಲ ಸುಗಂಧಿ! ಮುಟ್ಟಲಿಲ್ಲ ನೀನು!"

ಅವಳು ತಲೆಯೆತ್ತಿದಳು. "ನಿಮಗೆ ಹೇಗೆ ಗೊತ್ತು ಅಕ್ಕ?"

ಹೇಳಿದೆ. ಬ್ಯಾಗು, ಟವೆಲು, ತಲೆನೋವಿನ ಸುಳ್ಳು, ಎಲ್ಲ. ಬಾಗಿಲ ಎದುರಿನ ಭರಣಿಯ ಕಡೆ ಕೈ ತೋರಿಸಿದೆ. ಅವಳು ಎದ್ದು ಹೋಗಿ ನೋಡಲಿಲ್ಲ. ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಹೊಡೆದಿದ್ದರೂ. ಅವಳು ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಬದಿಗೆ ಸರಿಸಿದಳು. ಆಮೇಲೆ, ಸ್ವರ ಎತ್ತದೆ, "ಎಲ್ಲರೆದುರು ಹೇಳಿದ್ದಲ್ವಾ? ಎಲ್ಲರೆದುರೇ ಹೇಳಿ" ಎಂದಳು. ಆ ಮದುವೆಗೂ ನಿಲ್ಲದೆ ಮಧ್ಯಾಹ್ನದ ಬಸ್ಸಿಗೆ ಮಗಳ ಜೊತೆ ಹೋದಳು.

ಹಾಗಾಗಿ ಬರೆಯುತ್ತಿದ್ದೇನೆ. ನೆಂಟರಲ್ಲಿ ಓದುವವರು ಓದಿ, ಓದದವರಿಗೆ ಓದಿ ಹೇಳಲಿ. ಊರಿಡೀ ಹರಡಿದ ಸುಳ್ಳಿಗೆ ಒಬ್ಬಳ ಕಿವಿಯಲ್ಲಿ ಹೇಳಿದ ನಿಜ ಸಾಲುವುದಿಲ್ಲ.

ಬರೆಯುವ ಮೊದಲು ಬಜಗೋಳಿಗೆ ಹೋದೆ. ದಿನೇಶ, ಅಮ್ಮ, ಅವತ್ತು ಜಗಲಿಯಲ್ಲಿದ್ದ ಪಕ್ಕದ ಮನೆಯವರು — ಕರೆಸಿ ಕೂರಿಸಿ ಹೇಳಿದೆ. ಉಚ್ಚಿಲಕ್ಕೆ ಫೋನು ಮಾಡಿ ಸುಗಂಧಿಯ ಅಣ್ಣನಿಗೂ ಹೇಳಿದೆ. ಅವನು ಕೊನೆಯವರೆಗೆ ಕೇಳಿಸಿಕೊಂಡು ಫೋನು ಇಟ್ಟ. ದಿನೇಶ ಎದ್ದು ಹೊರಗೆ ಹೋದ. ಇದನ್ನು ಕೇಳಿ ಅಮ್ಮ ಸುಗಂಧಿಯ ಕೈ ಹಿಡಿದುಕೊಳ್ಳುತ್ತಾರೆ ಎಂದು ನಾನು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅಮ್ಮ ಹೇಳಿದ್ದು ಏನು ಗೊತ್ತಾ?

"ಬರೀ ಮುಚ್ಚಳದಿಂದ ಅಷ್ಟು ಹುಳ ಬೀಳುತ್ತದಾ? ಇವಳೂ ಮುಟ್ಟಿರಬೇಕು. ಇಷ್ಟು ವರ್ಷದ ಮೇಲೆ ಯಾಕೆ ಕೆದಕುತ್ತೀ ನೀನು?"

ನಾನು ಕೂಗಾಡಿದೆ. ಮುಚ್ಚಳದಿಂದಲೇ ಬಿದ್ದದ್ದು, ನನ್ನಿಂದಲೇ ಬಿದ್ದದ್ದು, ಕೈಗುಣ ಅಂತ ಒಂದಿದ್ದರೆ ಅದು ನನ್ನ ಕೈಯದ್ದು ಎಂದು ಗಂಟಲು ಕಟ್ಟುವವರೆಗೆ ಹೇಳಿದೆ. ಅಮ್ಮ ಮುಖ ಆಚೆ ತಿರುಗಿಸಿದರು. ಅವತ್ತು ನನ್ನ ಒಂದು ಮಾತು ಸಾಕಾಗಿತ್ತು ಅವರಿಗೆ. ಈಗ ನೂರು ಹೇಳಿದರೂ ಸಾಲಲಿಲ್ಲ. ಸುಗಂಧಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ನನಗಿಲ್ಲ. ಒಳಗೆ ಹೋದಳು.

ಜಗಲಿಯಲ್ಲಿ ಉಳಿದದ್ದು ನಾನು ಮತ್ತು ಧನ್ಯ. ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಹುಡುಗಿ ಕಂಬಕ್ಕೆ ಒರಗಿ ನನ್ನನ್ನೇ ನೋಡುತ್ತಿದ್ದಳು, ಪ್ರೀತಿಯೂ ಇಲ್ಲದೆ ಸಿಟ್ಟೂ ಇಲ್ಲದೆ.

"ಅತ್ತೆ, ಆ ದಿನ ಅಮ್ಮ ಅಳುತ್ತಾ ಹೋದ ಮೇಲೆ ನೀವು ಎಂತ ಮಾಡಿದಿರಿ?"

ನಾನೂ ಅತ್ತುಬಿಟ್ಟೆ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು, ಹದಿಮೂರರ ಹುಡುಗಿ.

"ಊಟ ಮಾಡಿದೆ ಮಗಾ" ಎಂದೆ. "ಎರಡನೇ ಸಲ ಅನ್ನ ಹಾಕಿಸಿಕೊಂಡು ಊಟ ಮಾಡಿದೆ."